ಐದಕ್ಕೆ ಎಷ್ಟು ಕೊಡ್ತೀರಿ, ಸರ್‌ಜೀ?

ತಿಂಗಳ ಕೊನೆಯ ಶನಿವಾರ ಸಂಜೆ ನಾಲ್ಕರ ಸುಮಾರಿಗೆ ಆ ಫೋನ್ ಬಂದೇ ಬರುತ್ತದೆ. ಅಮ್ಮನನ್ನು ನೋಡಿಕೊಳ್ಳಲು ಹುಡುಗಿಯನ್ನು ಕಳಿಸುವ ಬ್ಯೂರೋದವರದು. ಆ ಕಡೆಯ ಹೆಣ್ಣುದನಿ ಒಂದೇ ಉಸಿರಿನಲ್ಲಿ ಹಿಂದಿಯಲ್ಲಿ ಕೇಳಿ ಮುಗಿಸುತ್ತದೆ: ನಮ್ಮ ಅಟೆಂಡೆಂಟ್ ಸೇವೆಗೆ ಐದಕ್ಕೆ ಎಷ್ಟು ಕೊಡ್ತೀರಿ, ಸರ್‌ಜೀ? ನನ್ನ ಕೈಯಲ್ಲಿ ಅಮ್ಮನ ರಾಗಿ ಗಂಜಿಯ ಲೋಟ ಇರುವುದರಿಂದ ಫೋನು ಸ್ಪೀಕರಿನಲ್ಲಿರುತ್ತದೆ. ಎರಡಡಿ ಆಚೆ, ಮಂಚದ ತುದಿಯಲ್ಲಿ ಕೂತು ಆ ಹುಡುಗಿ ಅಮ್ಮನ ಕಾಲಿಗೆ ಎಣ್ಣೆ ನೀವುತ್ತಿರುತ್ತಾಳೆ. ಪ್ರಶ್ನೆ ಕೇಳಿದ್ದೇ ಅವಳ ಕೈ ನಿಲ್ಲುತ್ತದೆ. ನಾನು ‘ಪಾಂಚ್’ ಅನ್ನುತ್ತೇನೆ. ಕೈ ಮತ್ತೆ ಆಡುತ್ತದೆ.

ಹದಿನಾಲ್ಕು ತಿಂಗಳಲ್ಲಿ ಹದಿನಾಲ್ಕು ಫೋನು, ಹದಿನಾಲ್ಕು ಸಲವೂ ಐದು. ಈ ನಡುವೆ ನಾಲ್ಕು ಹುಡುಗಿಯರು ಬದಲಾದರು. ಅಮ್ಮ ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದಳು. ನನ್ನ ಹೆಂಡತಿಗೆ ಬಿಪಿ ಮಾತ್ರೆ ಶುರುವಾಯಿತು. ಅಂಕ ಮಾತ್ರ ಅಲ್ಲಾಡಲಿಲ್ಲ. ನಾನು ಮೂವತ್ತಾರು ವರ್ಷ ಕಾರ್ಖಾನೆಗಳ ಕ್ವಾಲಿಟಿ ವಿಭಾಗದಲ್ಲೇ ಸವೆದವನು. ಯಾವ ಪೀಸ್ ಇಟ್ಟರೂ ಒಂದೇ ರೀಡಿಂಗ್ ತೋರಿಸುವ ಡಯಲ್ ಗೇಜ್ ಕೈಗೆ ಸಿಕ್ಕಿದರೆ ಅದಕ್ಕೆ ಕೆಂಪು ಟ್ಯಾಗ್ ಕಟ್ಟಿ ಕಪಾಟಿಗೆ ಹಾಕಿ ಬೀಗ ಜಡಿಯುತ್ತಿದ್ದೆ. ಈಗ ನನ್ನ ಮನೆಯಲ್ಲಿ, ಮುಳ್ಳು ಅಂಟಿಕೊಂಡಿದೆ ಎಂದು ಗೊತ್ತಿದ್ದೂ ಅದೇ ಗೇಜ್ ಹಿಡಿದು ಕೂತಿದ್ದೇನೆ.

ನಮ್ಮದು ತರೀಕೆರೆ ಕಡೆ. ಡಿಪ್ಲೊಮಾ ಮುಗಿಸಿ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿದ್ದಾಗ ವರ್ನಿಯರ್ ಹಿಡಿಯುವುದು ಕಲಿತೆ. ಆಮೇಲೆ ಹೊಟ್ಟೆಪಾಡು ಉತ್ತರಕ್ಕೆ ಎಳೆಯಿತು. ಗ್ರೇಟರ್ ನೋಯ್ಡಾ ಅನ್ನುವುದು 1991ರಲ್ಲಿ ಪ್ರಾಧಿಕಾರ ರಚನೆಯಾದ ಮೇಲೆ ಹೊಲಗದ್ದೆಗಳ ಮೇಲೆ ಎದ್ದ ಊರು. ಒಂದು ಕಡೆ ಸೂರಜ್‌ಪುರದ ಕಾರ್ಖಾನೆಗಳು, ಇನ್ನೊಂದು ಕಡೆ ಸಾಲು ಸಾಲು ಕಾಲೇಜು. ಬಡಾವಣೆಗಳಿಗೆ ಗ್ರೀಕ್ ಅಕ್ಷರಮಾಲೆ: ಆಲ್ಫಾ, ಬೀಟಾ, ಗಾಮಾ, ಡೆಲ್ಟಾ. ನಾವಿರುವುದು ಗಾಮಾದಲ್ಲಿ, ಜಗತ್ ಫಾರ್ಮ್ ಮಾರ್ಕೆಟ್ಟಿಗೆ ನಡೆದು ಹೋಗುವಷ್ಟು ದೂರದಲ್ಲಿ. ಅಮ್ಮ ಬಂದ ದಿನ ವಿಳಾಸ ಕೇಳಿ, ‘ಗಾಮಾ ಅಂದ್ರೆ ಆ ಪೈಲ್ವಾನ ಅಲ್ವೇನೋ?’ ಅಂದಿದ್ದಳು. ಅವತ್ತು ಎಲ್ಲರೂ ನಕ್ಕೆವು. ಆಮೇಲೆ ದಿನಕ್ಕೆ ಹತ್ತು ಸಲ ಅದನ್ನೇ ಕೇಳತೊಡಗಿದಾಗ ನಗು ನಿಂತಿತು.

ಅಪ್ಪ ಹೋದ ಮೇಲೆ ಅಮ್ಮ ಊರಲ್ಲಿ ಒಬ್ಬಳೇ ಇದ್ದಳು. ಗ್ಯಾಸ್ ಹಚ್ಚಿಟ್ಟು ಮರೆತು ಬೀದಿಗೆ ಹೋದಳೆಂದು ಎದುರುಮನೆಯವರು ಎರಡನೇ ಸಲ ಫೋನ್ ಮಾಡಿದಾಗ ಹೋಗಿ ಕರೆದುಕೊಂಡು ಬಂದೆ. ಅರವತ್ತಕ್ಕೆ ಅರಳುಮರಳು ಎಂದು ಗಾದೆ ಹೇಳಿ ಮುಗಿಸಿಬಿಡುತ್ತಿದ್ದ ಕಾಲ ಒಂದಿತ್ತು. ದೆಹಲಿಯ ಮೆಮರಿ ಕ್ಲಿನಿಕ್ಕಿನಲ್ಲಿ ಅದಕ್ಕೆ ಡಿಮೆನ್ಷಿಯಾ ಎಂದು ಹೆಸರಿಟ್ಟು ಕೊಟ್ಟರು. ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಈ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅಂದಾಜು ಮಾಡಿದೆ. ಒಬ್ಬೊಬ್ಬರ ಹಿಂದೆ ಮನೆಯವರು ಒಬ್ಬರೋ ಇಬ್ಬರೋ ನಿಂತಿರುತ್ತಾರೆ. ಅವರಿಗೆ ‘ಆರೈಕೆದಾರರು’ ಎಂಬ ಪದವನ್ನು ಈಚೆಗೆ ಪತ್ರಿಕೆಗಳಲ್ಲಿ ನೋಡುತ್ತಿದ್ದೇನೆ. ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ‘ಅಮ್ಮನ್ನ ಯಾರು ನೋಡ್ಕೊಳ್ಳೋದು?’ ಎನ್ನುತ್ತೇವೆ, ಅಷ್ಟೆ.

ನೋಡಿಕೊಳ್ಳುವವರಿಗೆ ಆಸರೆಯಾಗಿ ನಮ್ಮ ಊರಿನಲ್ಲಿ ಸಿಗುವ ಮುಖ್ಯ ಸೇವೆ ಎಂದರೆ ಈ ಬ್ಯೂರೋಗಳೇ. ಹನ್ನೆರಡು ಗಂಟೆಯ ಡ್ಯೂಟಿ, ಇಲ್ಲವೇ ಇಪ್ಪತ್ತನಾಲ್ಕು ಗಂಟೆಯದು. ನಾನು ತಿಂಗಳಿಗೆ 24 ಸಾವಿರ ಕೊಡುತ್ತೇನೆ. ಹುಡುಗಿಯ ಕೈಗೆ ಸೇರುವುದು 14 ಸಾವಿರ ಎಂದು ಅವಳೇ ಹೇಳಿದ್ದು. ಈಗಿರುವವಳು ಜಾರ್ಖಂಡಿನ ಗುಮ್ಲಾದವಳು. ಅಮ್ಮ ಅವಳನ್ನು ‘ಪುಟ್ಟಿ’ ಅನ್ನುತ್ತಾಳೆ. ಅದು ಚಿಕ್ಕಂದಿನಲ್ಲೇ ತೀರಿಹೋದ ಅಮ್ಮನ ತಂಗಿಯ ಹೆಸರು. ಹುಡುಗಿ ಆ ಹೆಸರಿಗೇ ಓಗೊಡುತ್ತಾಳೆ.

ಬ್ಯೂರೋ ಏನೂ ಅಳೆಯುವುದಿಲ್ಲ ಎನ್ನುವಂತಿಲ್ಲ. ಬೇಕಾದಷ್ಟು ಅಳೆಯುತ್ತದೆ. ಪೊಲೀಸ್ ವೆರಿಫಿಕೇಷನ್ ಪತ್ರ, ತರಬೇತಿಯ ಸರ್ಟಿಫಿಕೇಟು, ಸಮವಸ್ತ್ರ. ಸೊಸೈಟಿ ಗೇಟಿನ ಆ್ಯಪ್‌ನಲ್ಲಿ ಒಳಬಂದ ಹೊತ್ತು. ಬೆಳಿಗ್ಗೆ ಎಂಟಕ್ಕೆ ರೋಗಿಯ ಪಕ್ಕ ನಿಂತು ತೆಗೆದ ಸೆಲ್ಫಿ. ಡೈಪರ್ ಎಷ್ಟು ಸಲ ಬದಲಾಯಿತು, ಬಿಪಿ ಎಷ್ಟಿತ್ತು ಎಂಬ ಚಾರ್ಟು. ವೈದ್ಯಕೀಯ ಸೇವೆಯ ಗುಣಮಟ್ಟ ಅಳೆಯುವುದಕ್ಕೆ ಬುನಾದಿ ಹಾಕಿದವರು ಅವೆಡಿಸ್ ಡೊನಬೇಡಿಯನ್. ಬೈರೂತಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳಿದ ವೈದ್ಯ. 1966ರ ಒಂದು ಲೇಖನದಲ್ಲಿ ಅವರು ಮೂರು ಕಡೆ ನೋಡಿ ಎಂದರು: ಸೇವೆಗೆ ಏನೇನು ಒದಗಿಸಿದ್ದಾರೆ, ಕೆಲಸ ಹೇಗೆ ಮಾಡುತ್ತಾರೆ, ಕೊನೆಗೆ ಏನಾಯಿತು. ಕಾರ್ಖಾನೆಯವನಿಗೆ ಇದು ಹೊಸದಲ್ಲ. ಮೆಷಿನ್ನು ಸರಿಯಿದೆಯೇ, ಆಪರೇಟರ್ ಡ್ರಾಯಿಂಗ್ ನೋಡಿ ಕೆಲಸ ಮಾಡಿದನೇ, ಪೀಸ್ ಸೈಜಿಗೆ ಬಂತೇ. ಬ್ಯೂರೋದವರು ಮೊದಲೆರಡನ್ನು ಅಚ್ಚುಕಟ್ಟಾಗಿ ಬರೆದಿಡುತ್ತಾರೆ. ಮೂರನೆಯದಕ್ಕೆ ಬಂದಾಗ ಆ ‘ಐದಕ್ಕೆ ಎಷ್ಟು’.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಪೀಸ್ ಯಾವುದು? ಅಮ್ಮನನ್ನೇ ಪೀಸ್ ಎಂದು ಹಿಡಿದರೆ ಲೆಕ್ಕ ಎಂದೂ ಸರಿಬರುವುದಿಲ್ಲ. ಈ ಕಾಯಿಲೆ ಇಳಿಜಾರಿನದು. ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಮುಂದಿನ ವರ್ಷ ಅಮ್ಮ ಇನ್ನೆರಡು ಮೆಟ್ಟಿಲು ಕೆಳಗೇ ಇರುತ್ತಾಳೆ. ಹಾಗಾದರೆ ಸೇವೆ ಕೆಟ್ಟದ್ದಾಯಿತೇ? ಮನೆಯವರ ಭಾರ ಇಳಿಸಲಿಕ್ಕೆ ಇರುವ ಸೇವೆಯಾದರೆ ಮನೆಯವರ ಮೇಲಿನ ಭಾರವನ್ನೇ ತೂಗಬೇಕಲ್ಲವೇ? ಇಷ್ಟು ಸರಳವಾದ ಮಾತು ನನಗೆ ಹೊಳೆಯಲು ಒಂದು ವರ್ಷ ಹಿಡಿಯಿತು. ಅದಕ್ಕೆ ಮೊದಲು ಒಂದು ಪೆದ್ದುತನ ಆಯಿತು. ಅದನ್ನು ಹೇಳಿಬಿಡುತ್ತೇನೆ.

ಕಳೆದ ಚಳಿಗಾಲ. ಇಲ್ಲಿಯ ಮಂಜು ಬೀಳುವ ದಿನಗಳಲ್ಲಿ ನಾಲ್ಕೂವರೆಗೇ ಮಬ್ಬು ಕವಿಯುತ್ತದೆ. ಆ ಹೊತ್ತಿಗೆ ಅಮ್ಮನ ಗಲಾಟೆ ಶುರು. ಕುರ್ಚಿಯಿಂದ ಎದ್ದು ಬಾಗಿಲ ಕಡೆ ನಡೆಯುವಳು. ‘ಹೊರಕಡೆ ಹೋಗ್ಬೇಕು, ಹೊರಕಡೆ ಹೋಗ್ಬೇಕು’ ಎಂದು ಒಂದೇ ಸಮ. ಆಗಿದ್ದ ಹುಡುಗಿ ನನ್ನ ಮುಖ ನೋಡಿದಳು. ನಾನು ‘ಬಾಹರ್ ಜಾನಾ ಚಾಹತೀ ಹೈ’ ಎಂದು ಅರ್ಥ ಹೇಳಿ, ಈ ಚಳಿಯಲ್ಲಿ ಬಿಡಬೇಡ ಎಂದೆ. ಹುಡುಗಿ ಬಾಗಿಲಿಗೆ ಚಿಲಕ ಹಾಕಿ ಅಡ್ಡ ನಿಂತಳು. ಅಮ್ಮ ಚಿಲಕ ಎಳೆದಳು, ಹುಡುಗಿ ಕೈ ಹಿಡಿದಳು, ಅಮ್ಮ ಅವಳ ಕೆನ್ನೆಗೆ ಬಾರಿಸಿದಳು. ಮರುದಿನ ಚಾರ್ಟಿನಲ್ಲಿ ಹಿಂದಿಯಲ್ಲಿ ಬರೆದಿತ್ತು: ಪೇಷೆಂಟ್ ಹೊಡೆಯುತ್ತಾರೆ. ಮೂರು ವಾರದಲ್ಲಿ ಆ ಹುಡುಗಿ ಬಿಟ್ಟುಹೋದಳು. ಬಂದ ಇನ್ನೊಬ್ಬಳದೂ ಅದೇ ಪಾಡು. ನಿದ್ದೆ ಮಾತ್ರೆಯ ಡೋಸು ಏರಿಸೋಣವೇ ಎಂದು ಡಾಕ್ಟರನ್ನು ಕೇಳುವ ತನಕ ಹೋಗಿತ್ತು.

ಸಂಕ್ರಾಂತಿಗೆಂದು ನನ್ನ ಅತ್ತೆಯವರು ಕಡೂರಿನಿಂದ ಬಂದಿದ್ದರು. ಎಪ್ಪತ್ತೆಂಟು ವರ್ಷದವರು. ಅಮ್ಮ ಎದ್ದು ‘ಹೊರಕಡೆ’ ಎಂದದ್ದೇ ತಡ, ಅತ್ತೆಯವರು ಎಲೆ ಅಡಿಕೆ ಕೆಳಗಿಟ್ಟು, ‘ಬನ್ನಿ ಬೀಗರೆ, ನಾನೂ ಬರ್ತೀನಿ’ ಎಂದು ಕೈ ಹಿಡಿದು ಸೀದಾ ಪಾಯಿಖಾನೆಗೆ ಕರೆದುಕೊಂಡು ಹೋದರು. ಐದು ನಿಮಿಷಕ್ಕೆ ಅಮ್ಮ ತಣ್ಣಗೆ ವಾಪಸು ಬಂದು ಕೂತಳು. ಹಳ್ಳಿಮನೆಯಲ್ಲಿ ಹೊರಕಡೆ ಹೋಗುವುದು ಎಂದರೆ ಏನು ಎಂದು ಆ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಮರೆತುಹೋಗಿತ್ತು. ಮೂವತ್ತು ವರ್ಷ ಹಿಂದಿ ಮಾತಾಡಿ ನಾನು ಅಕ್ಷರಕ್ಕೆ ಅಕ್ಷರ ಅನುವಾದ ಮಾಡಿದ್ದೆ. ಅದನ್ನು ನೆಚ್ಚಿ ಎರಡು ತಿಂಗಳು ನಮ್ಮಮ್ಮನಿಗೆ ಒಂದಕ್ಕೆ ಬಿಡದೆ ಬಾಗಿಲು ಹಾಕಿ ಹಿಡಿದುಕೊಂಡಿದ್ದೆವು.

ಆಮೇಲೆ ನಾನು ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿದೆ. ಹೊರಕಡೆ, ಬಚ್ಚಲು, ಹಸಿವು, ಚಳಿ, ಸಾಕು, ನೋವು. ಎದುರಿಗೆ ದೇವನಾಗರಿಯಲ್ಲಿ ಉಚ್ಚಾರಣೆ ಮತ್ತು ಅರ್ಥ. ಈಗಿನ ಪುಟ್ಟಿ ಒಂದೇ ವಾರದಲ್ಲಿ ಅಷ್ಟನ್ನೂ ಕಲಿತಳು. ‘ಸಾಕಾ ಅಜ್ಜೀ?’ ಎಂದು ಗಂಜಿ ಕುಡಿಸುವಾಗ ಕೇಳುವುದನ್ನು ನೀವು ಕೇಳಬೇಕು. ವಾರಕ್ಕೆ ಹತ್ತು ಹನ್ನೊಂದು ಸಲ ಆಗುತ್ತಿದ್ದ ಜಟಾಪಟಿ ಒಂದೋ ಎರಡೋ ಸಲಕ್ಕೆ ಇಳಿಯಿತು. ರೋಗಿಯ ಮಾತು ಅಟೆಂಡೆಂಟಿಗೆ ತಿಳಿಯುತ್ತದೆಯೇ ಎಂದು ಕೇಳುವ ಕಾಲಂ ಯಾವ ಚಾರ್ಟಿನಲ್ಲೂ ಇರಲಿಲ್ಲ. ಊರು ಬಿಟ್ಟು ಊರಿಗೆ ಬಂದ ಮುದುಕರ ಪಾಲಿಗೆ ಬಿಪಿ ಕಾಲಂಗಿಂತ ಅದೇ ಮೇಲು ಎಂದು ನನ್ನ ಅಭಿಪ್ರಾಯ.

ಮುಂದಿನ ಪಾಠ ಮೆಮರಿ ಕ್ಲಿನಿಕ್ಕಿನಲ್ಲಿ ಆಯಿತು. ಅಲ್ಲಿಯ ಸೋಷಿಯಲ್ ವರ್ಕರ್ ನನ್ನ ಕೈಗೆ ಹಿಂದಿಯ ಎರಡು ಹಾಳೆ ಕೊಟ್ಟು ತುಂಬಲು ಹೇಳಿದರು. ಜಾರಿಟ್ ಪ್ರಶ್ನಾವಳಿ ಅಂತೆ. ಅಮೆರಿಕದ ಸ್ಟೀವನ್ ಜಾರಿಟ್ ಮತ್ತು ಜೊತೆಗಾರರು 1980ರಲ್ಲಿ 29 ಪ್ರಶ್ನೆಗಳೊಂದಿಗೆ ಮಾಡಿದ್ದು, ಆಮೇಲೆ 22ಕ್ಕೆ ಇಳಿಯಿತು. ಪ್ರತಿ ಪ್ರಶ್ನೆಗೂ ಸೊನ್ನೆಯಿಂದ ನಾಲ್ಕು. ಒಟ್ಟು 88. ಇಪ್ಪತ್ತರೊಳಗೆ ಬಂದರೆ ಭಾರ ಕಡಿಮೆ, ನಲವತ್ತು ದಾಟಿದರೆ ಹೆಚ್ಚು, ಅರವತ್ತು ದಾಟಿದರೆ ತೀರಾ ಹೆಚ್ಚು ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ನನಗೆ ಬಂದದ್ದು 26. ಪರವಾಗಿಲ್ಲ, ತಡೆದುಕೊಂಡಿದ್ದೇನೆ ಎಂದು ಒಳಗೊಳಗೇ ಬೀಗಿದೆ.

ಆಕೆ ಹಾಳೆ ನೋಡಿ ಒಂದು ಪ್ರಶ್ನೆ ಕೇಳಿದರು. ‘ರಾತ್ರಿ ಅಮ್ಮನ ಜೊತೆ ಏಳುವವರು ಯಾರು?’ ನನ್ನ ಹೆಂಡತಿ ಎಂದೆ. ಆಕೆ ಡ್ರಾಯರಿನಿಂದ ಇನ್ನೊಂದು ಪ್ರತಿ ತೆಗೆದು, ‘ಇದನ್ನು ಅವರಿಗೆ ಕೊಡಿ. ತುಂಬುವಾಗ ನೀವು ಪಕ್ಕದಲ್ಲಿ ಕೂರಬೇಡಿ’ ಎಂದರು.

ಹೆಂಡತಿ ಅದನ್ನು ಅಡುಗೆಕಟ್ಟೆಯ ಮೇಲಿಟ್ಟುಕೊಂಡು, ಸಾರು ಕುದಿಯುವಷ್ಟರಲ್ಲಿ ತುಂಬಿ ಕೊಟ್ಟಳು. 53. ನಾನು ಮೂರು ಸಲ ಕೂಡಿಸಿದೆ. 53ರೇ. ಒಂದೇ ಸೂರಿನ ಕೆಳಗೆ, ಒಬ್ಬಳೇ ಅಮ್ಮನ ಸುತ್ತ, 27ರ ಅಂತರ. ಶಾಪ್‌ಫ್ಲೋರಿನಲ್ಲಿ ಒಂದೇ ಪೀಸಿಗೆ ಇಬ್ಬರು ಇನ್ಸ್‌ಪೆಕ್ಟರುಗಳ ರೀಡಿಂಗ್ ಹೀಗೆ ಬಂದರೆ ಗೇಜನ್ನು ಕ್ಯಾಲಿಬ್ರೇಷನ್ನಿಗೆ ಕಳಿಸುತ್ತೇವೆ. ಇಲ್ಲಿ ಗೇಜ್ ಸರಿಯಾಗಿಯೇ ಇತ್ತು. ನಾವಿಬ್ಬರೂ ಒಂದೇ ಕೆಲಸ ಮಾಡುತ್ತಿದ್ದೇವೆ ಎಂದು ನಾನು ತಿಳಿದಿದ್ದೇ ತಪ್ಪು. ನಿಮ್ಮ ಆರೋಗ್ಯ ಕೆಟ್ಟಿದೆಯೇ ಎಂಬಲ್ಲಿ ನಾನು ಸೊನ್ನೆ ಹಾಕಿದ್ದೆ, ಅವಳು ನಾಲ್ಕು. ಇನ್ನೂ ಹೆಚ್ಚು ಮಾಡಬೇಕಿತ್ತು ಎನಿಸುತ್ತದೆಯೇ ಎಂಬಲ್ಲಿ ನಾನು ಒಂದು. ಅವಳು ಅಲ್ಲೂ ನಾಲ್ಕು. ಅದನ್ನು ನೋಡಿ ನನಗೆ ಮಾತು ಬರಲಿಲ್ಲ.

‘ರೀ, ಅದೇನು ಪರೀಕ್ಷೆ ಪೇಪರ್ ಥರ ನೋಡ್ತಿದೀರಿ. ಸಾರಿಗೆ ಉಪ್ಪು ಸರಿಯಾಗಿದ್ಯಾ ನೋಡಿ,’ ಎಂದಳು.

ಬ್ಯೂರೋದ ಫೋನು ಹದಿನಾಲ್ಕು ತಿಂಗಳೂ ನನಗೇ ಬಂದಿತ್ತು. ದುಡ್ಡು ಹೋಗುವುದು ನನ್ನ ನಂಬರಿನಿಂದ. ದುಡ್ಡು ಕೊಡುವವನೇ ಗಿರಾಕಿ. ಭಾರ ಹೊರುವವಳನ್ನು ಯಾರೂ ಒಂದು ಸಲವೂ ಕೇಳಿರಲಿಲ್ಲ, ನಾನೂ ಸೇರಿ. ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, 15ರಿಂದ 59 ವರ್ಷದವರಲ್ಲಿ ಮನೆಯವರ ಆರೈಕೆಗೆ ಕೈಹಾಕುವ ಹೆಂಗಸರು ದಿನಕ್ಕೆ ಸುಮಾರು 140 ನಿಮಿಷ ಕೊಟ್ಟರೆ ಗಂಡಸರು 74. ಇದರಲ್ಲಿ ಮಕ್ಕಳನ್ನು ನೋಡಿಕೊಳ್ಳುವುದೂ ಸೇರಿದೆ. ಬೆಳಗಿನ ಜಾವ ನಾಲ್ಕರಿಂದ ಮರುದಿನ ನಾಲ್ಕರವರೆಗೆ, ಅರ್ಧರ್ಧ ಗಂಟೆಯ ಮನೆ ಹಾಕಿ ತುಂಬುವ ಲೆಕ್ಕ ಅದು. ಒಂದು ಕಿವಿ ಅಮ್ಮನ ಕೋಣೆಯ ಕಡೆ ಇಟ್ಟು ಮಲಗುವ ನಿದ್ದೆಯನ್ನು ಯಾವ ಮನೆಯಲ್ಲಿ ಬರೆಯಬೇಕೋ! ನಿದ್ದೆ ಎಂದೇ ಬರೆಸುತ್ತಿದ್ದಳು ನನ್ನ ಹೆಂಡತಿ.

ಜಾರಿಟರ ಆ ಮೊದಲ ಅಧ್ಯಯನ ಸಣ್ಣದು. 29 ಮಂದಿ ರೋಗಿಗಳು, ಅವರನ್ನು ನೋಡಿಕೊಳ್ಳುತ್ತಿದ್ದ ಮನೆಯವರು. ರೋಗಿಯ ಕಾಟ ಹೆಚ್ಚಾದಷ್ಟೂ ಭಾರ ಹೆಚ್ಚು ಎಂದೇ ಯಾರಾದರೂ ಊಹಿಸುತ್ತಾರೆ. ಅವರಿಗೆ ಹಾಗೆ ಕಾಣಲಿಲ್ಲ. ಬಂಧುಗಳು ಎಷ್ಟು ಸಲ ಬಂದುಹೋಗುತ್ತಾರೆ ಎಂಬುದಕ್ಕೂ ಭಾರಕ್ಕೂ ನಂಟು ಕಂಡಿತು. ಬಂದುಹೋಗುವವರು ಹೆಚ್ಚಿದ್ದಲ್ಲಿ ಭಾರ ಕಡಿಮೆ. ನನಗೆ ಇಬ್ಬರು ತಮ್ಮಂದಿರಿದ್ದಾರೆ, ಒಬ್ಬ ಬೆಂಗಳೂರು, ಒಬ್ಬ ಪುಣೆ. ಇಬ್ಬರೂ ಭಾನುವಾರ ವಿಡಿಯೊ ಕಾಲ್ ಮಾಡಿ ‘ಅಮ್ಮಾ, ನಾನ್ಯಾರು ಹೇಳು ನೋಡೋಣ’ ಎಂದು ಕ್ವಿಜ್ ನಡೆಸುತ್ತಾರೆ. ಜಾರಿಟ್ ಇದನ್ನು ಭೇಟಿ ಎಂದು ಎಣಿಸುತ್ತಿದ್ದರೋ ಇಲ್ಲವೋ!

ಇದೆಲ್ಲ ಪರದೇಶದ ಸರಕು ಎಂದುಕೊಂಡರೆ ತಪ್ಪಾದೀತು. ಜಾರಿಟ್ ಪ್ರಶ್ನಾವಳಿ ಬಂದ ಮರುವರ್ಷವೇ, 1981ರಲ್ಲಿ, ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ತಮ್ಮದೊಂದು ಅಳತೆಗೋಲನ್ನು ಬ್ರಿಟನ್ನಿನ ಮನೋವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಮಾನಸಿಕ ರೋಗಿಯ ಮನೆಯವರ ಮೇಲೆ ಬೀಳುವ ಭಾರದ್ದು. 24 ಅಂಶ, ಆರು ಗುಂಪು: ದುಡ್ಡಿನ ಕಷ್ಟ, ಮನೆಯ ದಿನಚರಿ ಕೆಟ್ಟದ್ದು, ಬಿಡುವು ಹೋದದ್ದು, ಮನೆಯೊಳಗಿನ ಮಾತುಕತೆ ಹದಗೆಟ್ಟದ್ದು, ಉಳಿದವರ ಮೈ ಆರೋಗ್ಯ, ಅವರ ಮನಸ್ಸಿನ ಆರೋಗ್ಯ. ಸಂದರ್ಶನ ಮಾಡುವವರು ಸೊನ್ನೆ, ಒಂದು, ಎರಡು ಎಂದು ಅಂಕ ಹಾಕುತ್ತಾರೆ. ಎಲ್ಲ ಮುಗಿದ ಮೇಲೆ ಮನೆಯವರನ್ನೇ ಒಂದು ನೇರ ಪ್ರಶ್ನೆ ಕೇಳುವುದಿದೆ: ಈ ಕಾಯಿಲೆಯಿಂದ ನೀವು ಒಟ್ಟಾರೆ ಎಷ್ಟು ಅನುಭವಿಸಿದ್ದೀರಿ? ಹೊರಗಿನವರು ಕಂಡ ಭಾರ ಒಂದು, ಹೊತ್ತವರು ಹೇಳುವ ಭಾರ ಇನ್ನೊಂದು. ಎರಡನ್ನೂ ಬೇರೆ ಬೇರೆ ಬರೆದಿಟ್ಟ ಆ ಜಾಣತನ ನನಗೆ ಬಹಳ ಹಿಡಿಸಿತು.

ಅವರು ಅಷ್ಟಕ್ಕೇ ಬಿಡಲಿಲ್ಲ. ಆ ಗೋಲಿನಿಂದ ಒಂದು ಸೇವೆಯನ್ನೇ ಅಳೆದರು. ಸ್ಕಿಜೋಫ್ರೇನಿಯಾ ಇರುವವರ ಎರಡು ಗುಂಪು, ಒಂದೊಂದರಲ್ಲಿ 27 ಜನ. ಒಂದು ಗುಂಪಿನವರನ್ನು ಆಸ್ಪತ್ರೆಗೆ ಸೇರಿಸಿ ಆಮೇಲೆ ಹೊರರೋಗಿಗಳಾಗಿ ನೋಡಿದರು. ಇನ್ನೊಂದು ಗುಂಪಿನವರ ಮನೆಗೇ ನರ್ಸ್ ಹೋಗುತ್ತಿದ್ದರು. ಆರು ತಿಂಗಳ ಕೊನೆಗೆ ಮನೆಗೆ ನರ್ಸ್ ಹೋದ ಗುಂಪಿನಲ್ಲಿ ರೋಗಿಗಳೂ ಹೆಚ್ಚು ಸುಧಾರಿಸಿದ್ದರು, ಮನೆಯವರ ಭಾರವೂ ಚೆನ್ನಾಗಿ ಇಳಿದಿತ್ತು, ಖರ್ಚೂ ಕಡಿಮೆ ಬಿದ್ದಿತ್ತು. ಚಿಕಿತ್ಸೆ ಹೇಗಾಯಿತು ಎಂಬುದಕ್ಕೆ ಮನೆಯವರ ಬೆನ್ನನ್ನೂ ಸಾಕ್ಷಿಯಾಗಿ ಕರೆದದ್ದು ಇಲ್ಲಿಯ ವಿಶೇಷ. ನಾಲ್ಕು ದಶಕದ ಹಿಂದೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಗೊತ್ತಿದ್ದ ಸಂಗತಿ ನಮ್ಮ ಗ್ರೇಟರ್ ನೋಯ್ಡಾದ ಪರಿ ಚೌಕದ ಬ್ಯೂರೋಗಳಿಗೆ ಇನ್ನೂ ಮುಟ್ಟಿಲ್ಲ. ಅದಕ್ಕೂ ಹಿಂದೆ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಟೆಂಟು ಹಾಕಿಸಿ ಮನೆಯವರನ್ನೂ ರೋಗಿಯ ಜೊತೆ ಇರಿಸಿಕೊಂಡಿದ್ದರು. ಮನೆಯವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸುವುದೇ ರೂಢಿಯಾಗಿದ್ದ ಕಾಲ ಅದು.

ಅಳತೆಗೋಲು ಇದ್ದ ಮಾತ್ರಕ್ಕೆ ಅಳತೆ ಸರಿಯಾಗಿಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಡಿಮೆನ್ಷಿಯಾ ರೋಗಿಗಳ ಮನೆಯವರಿಗಾಗಿ ಐ-ಸಪೋರ್ಟ್ ಎಂಬ ಆನ್‌ಲೈನ್ ತರಬೇತಿ ರೂಪಿಸಿದೆ. ಭಾರತದಲ್ಲಿ ಅದನ್ನು ಪರೀಕ್ಷೆಗೆ ಒಡ್ಡಿದ ತಂಡದಲ್ಲಿ ನಿಮ್ಹಾನ್ಸ್‌ನವರು ಇದ್ದರು. ಫಲಿತಾಂಶ 2021ರಲ್ಲಿ ಬಂತು. ಸೇರಿದವರು 151. ಮೂರು ತಿಂಗಳ ಕೊನೆಗೆ ಉತ್ತರ ಕೊಡಲು ಉಳಿದಿದ್ದವರು 55. ಖಿನ್ನತೆಯಲ್ಲಿ, ಭಾರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರೋಗಿಯನ್ನು ಒಬ್ಬ ಮನುಷ್ಯನಾಗಿ ನೋಡುವ ಮನೋಭಾವ ಮಾತ್ರ ಸುಧಾರಿಸಿತ್ತು. ಕ್ವಾಲಿಟಿಯವನ ಕಣ್ಣು ಮೊದಲು ಹೋಗುವುದು ಆ ಕಾಣೆಯಾದ 96 ಜನರ ಕಡೆ. ಲಾಟಿನಲ್ಲಿ ಮೂರನೇ ಎರಡರಷ್ಟು ಪೀಸ್ ಇನ್ಸ್‌ಪೆಕ್ಷನ್ನಿಗೇ ಬರಲಿಲ್ಲವೆಂದರೆ ಬಂದವುಗಳ ರಿಪೋರ್ಟಿನಿಂದ ಲಾಟಿನ ಬಗ್ಗೆ ಎಷ್ಟು ಹೇಳಬಹುದು? ಯಾಕೆ ಬಿಟ್ಟರೋ, ಒಬ್ಬೊಬ್ಬರಿಗೆ ಒಂದೊಂದು ಕಾರಣ ಇದ್ದೀತು. ನನ್ನ ಹೆಂಡತಿಯನ್ನು ಸೇರಿಸಿದ್ದರೆ ಎರಡನೇ ವಾರಕ್ಕೇ ಬಿಡುತ್ತಿದ್ದಳು ಎಂಬುದು ಮಾತ್ರ ನನಗೆ ಗೊತ್ತು. ಅವಳಿಗೆ ಲ್ಯಾಪ್‌ಟಾಪ್ ಮುಂದೆ ಕೂರುವಷ್ಟು ಪುರುಸೊತ್ತು ಇದ್ದಿದ್ದರೆ ಆ ತರಬೇತಿಯೇ ಬೇಕಾಗುತ್ತಿರಲಿಲ್ಲವೇನೋ. ತೀರಾ ಬಳಲಿದವರು ಫಾರಂ ತುಂಬುವುದಿಲ್ಲ. ತೃಪ್ತಿ ಸಮೀಕ್ಷೆಗಳನ್ನೆಲ್ಲ ಓದುವಾಗ ಇದೊಂದನ್ನು ನೆನಪಿಡಬೇಕು.

ಇಂಗ್ಲೆಂಡಿನಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಅಲ್ಲಿ ಎರಡು ವರ್ಷಕ್ಕೊಮ್ಮೆ ಸ್ಥಳೀಯ ಆಡಳಿತಗಳು ಮನೆಯ ಆರೈಕೆದಾರರ ಸಮೀಕ್ಷೆ ನಡೆಸುತ್ತವೆ. ಕೆಂಟ್ ವಿಶ್ವವಿದ್ಯಾಲಯದವರು ಆರೈಕೆದಾರರಿಗಾಗಿಯೇ ಒಂದು ಅಳತೆಗೋಲು ಮಾಡಿದ್ದಾರೆ, ಆಸ್ಕಾಟ್ ಎಂದು. ಏಳು ವಿಷಯ. ನಿಮಗೆ ಬೇಕಾದ ಕೆಲಸ ಮಾಡಲು ಆಗುತ್ತಿದೆಯೇ, ನಿಮ್ಮ ದಿನ ನಿಮ್ಮ ಹಿಡಿತದಲ್ಲಿದೆಯೇ, ಹೊತ್ತಿಗೆ ಊಟ ನಿದ್ದೆ ಆಗುತ್ತಿದೆಯೇ, ಭಯವಿಲ್ಲದೆ ಇದ್ದೀರಾ, ಜನರೊಂದಿಗೆ ಬೆರೆಯುತ್ತಿದ್ದೀರಾ, ನಿಮ್ಮಷ್ಟಕ್ಕೆ ನೀವಿರಲು ಜಾಗ ಮತ್ತು ಹೊತ್ತು ಇದೆಯೇ, ಬೆನ್ನಿಗೆ ಯಾರಾದರೂ ಇದ್ದಾರೆ ಅನಿಸುತ್ತದೆಯೇ. ಏಳರಲ್ಲಿ ಎಲ್ಲೂ ‘ನಮ್ಮ ಅಟೆಂಡೆಂಟ್ ಹೇಗೆ’ ಎಂಬ ಮಾತಿಲ್ಲ. ಎಲ್ಲವೂ ನಿಮ್ಮ ಬದುಕಿನ ಬಗ್ಗೆ. ಸೇವೆ ಕೆಲಸ ಮಾಡಿದ್ದರೆ ಅದು ಇಲ್ಲಿ ಕಾಣಬೇಕು, ಇಲ್ಲದಿದ್ದರೆ ಸರ್ಟಿಫಿಕೇಟು ಎಷ್ಟಿದ್ದರೇನು. ನಮ್ಮಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸಂಬಳವಿಲ್ಲದೆ ನೋಡಿಕೊಳ್ಳುವ ತಂದೆತಾಯಿ, ಮನೆಯವರನ್ನೂ ಆರೈಕೆದಾರರೆಂದೇ ಗುರುತಿಸಿ, ಹೆಚ್ಚಿನ ನೆರವು ಬೇಕಿರುವವರಿಗೆ ಆರೈಕೆ ಭತ್ಯೆಯ ಮಾತೂ ಆಡಿದೆ. ಕೇರಳ 2010ರಲ್ಲೇ ಆಶ್ವಾಸಕಿರಣಂ ಹೆಸರಿನಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳ ನೆರವು ತಂದಿತು. ಕಾಗದದ ಮೇಲೆ ಹೆಸರು ಬಂದಿದೆ ಎನ್ನುವುದೇ ಸದ್ಯಕ್ಕೆ ದೊಡ್ಡದು.

ನಾನು ಸರ್ಕಾರವನ್ನೂ ಬ್ಯೂರೋವನ್ನೂ ತಿದ್ದಲು ಹೋಗಲಿಲ್ಲ. ಹಳೇ ಚಾಳಿಯಂತೆ ಒಂದು ಚೌಕಳಿ ನೋಟ್‌ಬುಕ್ ತಂದೆ. ನಾಲ್ಕು ಕಾಲಂ. ಹೆಂಡತಿ ಎಚ್ಚರವಾಗದೆ ಒಂದೇ ಮಗ್ಗುಲಿಗೆ ಎಷ್ಟು ಹೊತ್ತು ಮಲಗಿದಳು. ಮನೆಯಿಂದ ಆಚೆ ಎಷ್ಟು ಹೊತ್ತು ಇದ್ದಳು, ಆ ನಡುವೆ ಮನೆಯಿಂದ ಎಷ್ಟು ಫೋನ್ ಹೋಯಿತು. ಸಂಜೆಯ ಜಟಾಪಟಿ ಎಷ್ಟು. ಹುಡುಗಿ ಬದಲಾದರೆ ಹೊಸಬಳಿಗೆ ಮನೆ ಹಿಡಿತಕ್ಕೆ ಬರಲು ಎಷ್ಟು ದಿನ. ‘ನಾನೇನು ಲೇತ್ ಮೆಷಿನ್ನೇನ್ರೀ?’ ಎಂದು ಅವಳು ಎರಡು ದಿನ ಮುನಿಸಿಕೊಂಡಳು. ಮೂರನೇ ದಿನದಿಂದ ಬೆಳಿಗ್ಗೆ ಕಾಫಿ ಬೆರೆಸುತ್ತಾ ತಾನೇ ಹೇಳತೊಡಗಿದಳು: ‘ಬರ್ಕೊಳ್ಳಿ. ಎರಡೂಮುಕ್ಕಾಲು.’

ಮೊದಲ ವಾರದ ಸರಾಸರಿ 2 ಗಂಟೆ 50 ನಿಮಿಷ. ಇಪ್ಪತ್ತನಾಲ್ಕು ಗಂಟೆಯ ಹುಡುಗಿಗೆ ದುಡ್ಡು ಕೊಟ್ಟು, ಅವಳ ಮಂಚವನ್ನು ನಾವು ಹಾಕಿದ್ದು ಹಾಲಿನಲ್ಲಿ! ಅಮ್ಮ ಕೂಗಿದರೆ ಮೊದಲು ಕೇಳಿಸುತ್ತಿದ್ದುದು ಪಕ್ಕದ ಕೋಣೆಯ ನನ್ನ ಹೆಂಡತಿಗೆ. ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ. ಮಂಚ ಅಮ್ಮನ ಕೋಣೆಗೆ ಹೋಯಿತು. ಹುಡುಗಿಯೂ ಮನುಷ್ಯಳೇ, ಅವಳಿಗೂ ನಿದ್ದೆ ಬೇಕು. ಹಾಗಾಗಿ ಮಂಗಳವಾರ, ಶುಕ್ರವಾರದ ರಾತ್ರಿ ನನ್ನ ಪಾಳಿ. ಈಗ ಸರಾಸರಿ 5 ಗಂಟೆ 10 ನಿಮಿಷಕ್ಕೆ ಬಂದಿದೆ. ಮೊನ್ನೆ ಅವಳು ಎರಡನೇ ಸಲ ಜಾರಿಟ್ ಹಾಳೆ ತುಂಬಿದಾಗ 41. ಅಮ್ಮ ಈ ನಡುವೆ ಇನ್ನೊಂದು ಮೆಟ್ಟಿಲು ಇಳಿದಿದ್ದಾಳೆ, ನನ್ನನ್ನು ಅಪ್ಪ ಎಂದುಕೊಂಡು ಸೆರಗು ಸರಿಮಾಡಿಕೊಳ್ಳುತ್ತಾಳೆ. ಬ್ಯೂರೋದ ಲೆಕ್ಕದಲ್ಲಿ 2 ಗಂಟೆ 50 ನಿಮಿಷವಿದ್ದಾಗಲೂ ಐದು, 5 ಗಂಟೆ 10 ನಿಮಿಷವಾದಾಗಲೂ ಐದು.

ಕಳೆದ ಶನಿವಾರ ದೆಹಲಿ ಕರ್ನಾಟಕ ಸಂಘದಲ್ಲಿ ನಾಟಕವಿತ್ತು. ಹೆಂಡತಿ ಹೋಗುವುದೋ ಬೇಡವೋ ಎಂದು ನಾಲ್ಕು ದಿನ ತೂಗಿ ಕೊನೆಗೆ ಹೊರಟಳು. ಆಕ್ವಾ ಲೈನಿನಲ್ಲಿ ಸೆಕ್ಟರ್ 51, ಅಲ್ಲಿಂದ ಬ್ಲೂ ಲೈನ್, ಮಯೂರ್ ವಿಹಾರಿನಲ್ಲಿ ಪಿಂಕ್ ಲೈನಿಗೆ ಹತ್ತಿ ಮೋತಿಬಾಗಿನಲ್ಲಿ ಇಳಿಯಬೇಕು. ಆ ಸ್ಟೇಷನ್ನಿಗೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಒಂದೂಕಾಲಿಗೆ ಮನೆ ಬಿಟ್ಟಳು, ಮಲ್ಲಿಗೆ ಸಿಗದೆ ಸೇವಂತಿಗೆ ಮುಡಿದುಕೊಂಡು.

ನಾಲ್ಕಕ್ಕೆ ಫೋನ್ ಬಂತು. ಐದಕ್ಕೆ ಎಷ್ಟು ಕೊಡ್ತೀರಿ, ಸರ್‌ಜೀ? ಪುಟ್ಟಿಯ ಕೈ ಅಮ್ಮನ ಪಾದದ ಮೇಲೆ ನಿಂತಿತು. ‘ಹುಡುಗಿ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಮೊದಲು ಅದನ್ನು ಬರೆದುಕೊಳ್ಳಿ,’ ಎಂದೆ. ‘ನಿಮ್ಮ ಸೇವೆ ಹೇಗಿದೆ ಎಂದು ಹೇಳಬೇಕಾದವರು ಮನೆಯಲ್ಲಿಲ್ಲ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರ ನಂಬರಿಗೆ ಮಾಡಿ, ಕೊಡುತ್ತೇನೆ.’ ಆ ಕಡೆ ಕೀಬೋರ್ಡಿನ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ದನಿ ತಗ್ಗಿಸಿ ಆಕೆ ಹೇಳಿದಳು: ‘ಸರ್‌ಜೀ, ನಮ್ಮ ಸಿಸ್ಟಮ್‌ನಲ್ಲಿ ಒಂದು ಮನೆಗೆ ಒಂದೇ ನಂಬರ್ ಹಾಕೋಕೆ ಆಗೋದು.’ ಹಾಗಾದರೆ ನನ್ನದು ತೆಗೆದು ಅವಳದು ಹಾಕಿ ಎಂದೆ. ಬಿಲ್ಲು ಯಾರಿಗೆ ಕಳಿಸೋದು ಸರ್‌ಜೀ ಎಂದಳು. ಪಾಪ, ಅವಳದೂ ಡ್ಯೂಟಿ. ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಇಟ್ಟಳು.

ಹೆಂಡತಿ ಬಂದಾಗ ಒಂಬತ್ತು ನಲವತ್ತು. ಹೂವು ಬಾಡಿತ್ತು, ಮುಖ ಬಾಡಿರಲಿಲ್ಲ. ನಾಟಕದ ಹಾಡೊಂದನ್ನು ಗುನುಗುತ್ತಾ ಬಚ್ಚಲಿಗೆ ಹೋದಳು. ನಾನು ನೋಟ್‌ಬುಕ್ ತೆಗೆದು ಎರಡನೇ ಕಾಲಂನಲ್ಲಿ ಬರೆದೆ: 8 ಗಂಟೆ 25 ನಿಮಿಷ. ಮನೆಯಿಂದ ಹೋದ ಫೋನ್: 2. ಒಂದು, ಅಮ್ಮನ ಸಿಪ್ಪರ್ ಲೋಟದ ಮುಚ್ಚಳ ಎಲ್ಲಿದೆ ಎಂದು. ಇನ್ನೊಂದು, ರಾತ್ರಿಯ ಬಿಳಿ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಎಂದು. ಎರಡೂ ಮಾಡಿದವನು ನಾನೇ.